ಜೋತುಬಿದ್ದ ಸಕ್ಯುಲೆಂಟ್: ನೀರು ಹಾಕುವ ಮೊದಲು ಬೇರು ನೋಡಿ

ಸಕ್ಯುಲೆಂಟ್ ಗಿಡ ಜೋತುಬಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ನೀರು ಹಾಕುವುದು. ಗಿಡ ಕೈತಪ್ಪುವುದೂ ಹೆಚ್ಚಾಗಿ ಅಲ್ಲೇ. ಬೇರೆ ಗಿಡಗಳು ಬಾಡಿದಾಗ ನೀರು ಕುಡಿದು ಸಂಜೆಯೊಳಗೆ ಎದ್ದು ನಿಲ್ಲುತ್ತವೆ, ನಿಜ. ಇದು ಹಾಗಲ್ಲ. ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಂಡು ಬದುಕುವ ಗಿಡ ಇದು. ಇವುಗಳಲ್ಲಿ ಬಹುಪಾಲು ಎಲೆಯ ಸಣ್ಣ ರಂಧ್ರಗಳನ್ನು ತೆರೆಯುವುದೇ ರಾತ್ರಿ ಹೊತ್ತು. ಹಗಲಿನಲ್ಲಿ ನೀರು ಆವಿಯಾಗುವುದು ತೀರಾ ಕಮ್ಮಿ, ಹಾಗಾಗಿ ಕುಡಿಯುವುದೂ ನಿಧಾನ. ಕುಡಿಯದೆ ಉಳಿದ ನೀರು ಮಣ್ಣಿನಲ್ಲೇ ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ.

1. ಮೊದಲು ಮುಟ್ಟಿ ನೋಡಿ

ಒಂದು ಒಣ ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೂ ಚುಚ್ಚಿ ತೆಗೆಯಿರಿ. ಮೇಲಿನ ಮಣ್ಣು ಒಣಗಿದೆ ಅಂತ ನಂಬಬೇಡಿ, ತಳದಲ್ಲಿ ಇನ್ನೂ ಹಸಿ ಇರಬಹುದು. ಆಮೇಲೆ ಎಲೆ ಹಿಸುಕಿ ನೋಡಿ.

ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದೆ, ಕಡ್ಡಿ ಒಣಗಿದಂತೇ ಹೊರಬಂತು ಎಂದರೆ ಬಾಯಾರಿಕೆ. ಎಲೆ ಹಳದಿಯಾಗಿ, ಒಳಗಿನದು ಕಾಣುವಷ್ಟು ಪಾರದರ್ಶಕವಾಗಿ, ಮುಟ್ಟಿದರೆ ಉದುರುತ್ತಿದ್ದರೆ ನೀರು ಜಾಸ್ತಿಯಾಗಿದೆ. ಎಲ್ಲಕ್ಕಿಂತ ಕೆಳಗಿನ ಒಂದೆರಡು ಎಲೆ ಮಾತ್ರ ಕಾಗದದಂತೆ ಒಣಗಿದ್ದರೆ ಅದು ರೋಗವೇ ಅಲ್ಲ, ಹಳೆಯ ಎಲೆ ಅಷ್ಟೇ.

ಎಲ್ಲರೂ ಎಡವುವುದು ಇನ್ನೊಂದರಲ್ಲಿ: ಎಲೆ ಸುಕ್ಕುಗಟ್ಟಿದೆ, ಆದರೆ ಮಣ್ಣು ಹಸಿ ಇದೆ. ಬೇರು ಕೊಳೆತಿರುವುದರಿಂದ ನೀರಿನ ನಡುವೆ ನಿಂತೂ ಗಿಡಕ್ಕೆ ಕುಡಿಯಲಾಗುತ್ತಿಲ್ಲ. ಎಲೆಯೊಂದನ್ನೇ ನೋಡಿದವರಿಗೆ ಬಾಯಾರಿಕೆಯಂತೆ ಕಾಣುತ್ತದೆ. ಮತ್ತೆ ನೀರು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಕಾಂಡ ಉದ್ದಕ್ಕೆ ಎಳೆದುಕೊಂಡು, ಎಲೆಗಳ ನಡುವೆ ಅಂತರ ಬಿಟ್ಟು, ಕಿಟಕಿಯ ಕಡೆಗೆ ವಾಲಿದ್ದರೆ ಬೆಳಕು ಸಾಲದು. ಗಿಡವನ್ನು ಬೆಳಕಿಗೆ ಇಡಿ, ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿ. ಕತ್ತಲ ಮೂಲೆಯಿಂದ ಎತ್ತಿ ನೇರ ಬಿಸಿಲಿಗಿಟ್ಟರೆ ಎಲೆ ಸುಟ್ಟು ಕಲೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಎಳೆದುಕೊಂಡ ಕಾಂಡವೂ ಮತ್ತೆ ಗಿಡ್ಡವಾಗುವುದಿಲ್ಲ. ಬೇಕಾದರೆ ತುದಿ ಕತ್ತರಿಸಿ ಮತ್ತೆ ನೆಡಬಹುದು, ಅಷ್ಟೇ.

2. ಬಾಯಾರಿಕೆಯಾಗಿದ್ದರೆ

ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕೆಲವೇ ದಿನಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡವಾದರೆ ಒಂದು ತೊಡಕಿದೆ. ಅದು ಪೂರ್ತಿ ಒಣಗಿದ ಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನೀರು ಅಂಚಿನಲ್ಲೇ ಜಾರಿ ಹೋಗುತ್ತದೆ. ಅಂಥ ಕುಂಡವನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಕೂರಿಸಿ ತೆಗೆಯಿರಿ.

ಸ್ಪ್ರೇ ಬಾಟಲಿಯಿಂದ ಎಲೆಗೆ ನೀರು ಚಿಮುಕಿಸುವುದನ್ನು ದಯವಿಟ್ಟು ಬಿಡಿ. ಬೇರಿಗೆ ಏನೂ ತಲುಪುವುದಿಲ್ಲ, ಎಲೆಗಳ ಸಂದಿಯಲ್ಲಿ ಮಾತ್ರ ತೇವ ಉಳಿಯುತ್ತದೆ.

3. ಕೊಳೆತಿರುವ ಅನುಮಾನವಿದ್ದರೆ

ಗಿಡವನ್ನು ಹೊರಗೆ ತೆಗೆಯಿರಿ. ನೋಡೋಣ, ಒಂದು ವಾರ ಬಿಡೋಣ ಅನ್ನುವುದು ಬೇಡ. ಮಣ್ಣನ್ನೆಲ್ಲ ಕೈಯಿಂದ ಉದುರಿಸಿ. ಗಟ್ಟಿಯಾದ, ಎಳೆದರೆ ಬಾರದ ಬೇರು ಜೀವಂತ. ಕಪ್ಪಗೆ, ಲೋಳೆಯಾಗಿ, ಎಳೆದರೆ ಸಿಪ್ಪೆ ಕಳಚಿ ಬರುವ ಬೇರು ಸತ್ತದ್ದು. ವಾಸನೆಯೂ ಹೇಳುತ್ತದೆ. ಬೇರುಗಳ ನಡುವೆ ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ (ಮೀಲಿಬಗ್), ರಸ ಹೀರುವ ಕೀಟ. ಆ ಮಣ್ಣನ್ನು ಪೂರ್ತಿ ಎಸೆದು ಬೇರು ತೊಳೆಯಿರಿ.

ಬೇರು ಮಾತ್ರ ಕೆಟ್ಟಿದ್ದರೆ ಕೆಟ್ಟದ್ದನ್ನು ಕತ್ತರಿಸಿ ಗಿಡವನ್ನು ಒಣಗಲು ಬಿಟ್ಟರೆ ಸಾಕು. ಕಾಂಡದ ಬುಡವೇ ಕಪ್ಪಾಗಿ ಮೆತ್ತಗಾಗಿದ್ದರೆ ಕತ್ತಿ ಮೇಲಕ್ಕೆ ಹೋಗಬೇಕು.

4. ಕತ್ತರಿಸುವುದು

ಎಷ್ಟೋ ಜನ ಇಲ್ಲಿ ಕನಿಕರ ತೋರಿಸಿ ಗಿಡ ಕಳೆದುಕೊಳ್ಳುತ್ತಾರೆ. ಕಪ್ಪು ಕಾಣುವಷ್ಟು ಮಾತ್ರ ಕತ್ತರಿಸಿ ನಿಲ್ಲಿಸುತ್ತಾರೆ. ಕೊಳೆ ಹೊರಗೆ ಕಾಣುವುದಕ್ಕಿಂತ ಒಳಗೆ ಮುಂದೆ ಹೋಗಿರುತ್ತದೆ.

ಚೂಪಾದ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ. ಮೊಂಡು ಕತ್ತರಿ ಬೇಡ, ಅದು ಕಾಂಡವನ್ನು ಜಜ್ಜುತ್ತದೆ. ಕೆಟ್ಟ ಭಾಗಕ್ಕಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮುಖವನ್ನು ಬೆಳಕಿನಲ್ಲಿ ನೋಡಿ. ಅದು ಮಧ್ಯದಿಂದ ಅಂಚಿನವರೆಗೂ ಒಂದೇ ಬಣ್ಣದಲ್ಲಿರಬೇಕು, ತಿಳಿ ಹಸಿರೋ ಬಿಳಿಯೋ ಆಗಿರಬೇಕು. ಮಧ್ಯದಲ್ಲಿ ಕಂದು ಚುಕ್ಕೆ, ಅಂಚಿನಲ್ಲಿ ಕಂದು ಬಳೆ ಕಂಡರೆ ಬ್ಲೇಡ್ ಒರೆಸಿ ಇನ್ನಷ್ಟು ಮೇಲೆ ಕತ್ತರಿಸಿ. ಮತ್ತೆ ನೋಡಿ. ಮತ್ತೆ ಒರೆಸಿ. ಪ್ರತಿ ಸಲವೂ ಒರೆಸಲೇಬೇಕು, ಇಲ್ಲದಿದ್ದರೆ ಕೊಳೆಯನ್ನು ನೀವೇ ಮೇಲಕ್ಕೆ ಹತ್ತಿಸಿದಂತೆ. ಕೈಯಲ್ಲಿ ಎರಡು ಬೆರಳಿನಷ್ಟು ತುದಿ ಉಳಿದರೂ ಬೇಸರ ಬೇಡ, ಸ್ವಚ್ಛವಾದ ತುದಿ ಬದುಕುತ್ತದೆ. ಕಂದು ಚುಕ್ಕೆ ಉಳಿದ ದೊಡ್ಡ ಗಿಡ ಬದುಕುವುದಿಲ್ಲ.

ಕತ್ತರಿಸಿದಾಗ ಹಾಲು ಒಸರಿದರೆ ಅದು ಹೆಚ್ಚಾಗಿ ಯುಫೋರ್ಬಿಯಾ, ಅಂದರೆ ಹಾಲುಗಳ್ಳಿಯ ಜಾತಿಯದ್ದು. ಆ ಹಾಲು ಚರ್ಮಕ್ಕೆ ಉರಿ, ಕಣ್ಣಿಗಂತೂ ತಾಗಲೇಬಾರದು. ಗ್ಲೌಸ್ ಹಾಕಿಕೊಳ್ಳಿ.

ಆಮೇಲೆ ನೆಡಬೇಡಿ! ಕಾಂಡದ ಕೆಳಗಿನ ಕೆಲವು ಎಲೆ ತೆಗೆದು, ನೆರಳಿನಲ್ಲಿ, ಗಾಳಿಯಾಡುವ ಕಡೆ ಸುಮ್ನೆ ಇಟ್ಟುಬಿಡಿ. ಗಾಯದ ಮೇಲೆ ಗಟ್ಟಿ ಪದರ ಕಟ್ಟಬೇಕು. ತೆಳ್ಳನೆಯ ಕಾಂಡಕ್ಕೆ ನಾಲ್ಕೈದು ದಿನ, ದಪ್ಪ ಕಾಂಡಕ್ಕೆ ಒಂದೆರಡು ವಾರ. ಬೆರಳಿನಿಂದ ಮುಟ್ಟಿದರೆ ಹಸಿ ಅನ್ನಿಸಬಾರದು. ಅಷ್ಟು ದಿನ ಮಣ್ಣಿಲ್ಲದೆ ಸತ್ತುಹೋಗುವುದಿಲ್ವಾ ಅಂತ ಕೇಳುತ್ತಾರೆ. ಎಲೆಯಲ್ಲಿ ನೀರಿದೆ ಅಲ್ವಾ, ಏನೂ ಆಗುವುದಿಲ್ಲ. ದಾಲ್ಚಿನ್ನಿ ಪುಡಿ ಹಚ್ಚುವವರು ಹಚ್ಚಲಿ. ನನ್ನ ಮಟ್ಟಿಗೆ ಒಣ ಗಾಳಿಯೇ ಸಾಕು.

5. ಹೊಸ ಮಣ್ಣು, ಹೊಸ ಕುಂಡ

ಸಾಮಾನ್ಯ ಗಿಡದ ಮಣ್ಣು ಅರ್ಧ, ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಅರ್ಧ. ನುಣ್ಣನೆಯ ಮರಳು ಬೇಡ, ಅದು ಗಟ್ಟಿಯಾಗಿ ಕೂರುತ್ತದೆ. ‘ಸಕ್ಯುಲೆಂಟ್ ಮಿಕ್ಸ್’ ಎಂದು ಬರೆದ ಪ್ಯಾಕೆಟ್ ತೆರೆದಾಗ ಬರೀ ಕೋಕೋಪೀಟ್ ಕಂಡರೆ ಅದಕ್ಕೂ ಮರಳು ಬೆರೆಸಿ.

ಕುಂಡಕ್ಕೆ ತೂತು ಇರಲೇಬೇಕು. ತಳದಲ್ಲಿ ಜಲ್ಲಿ ಹಾಕಿದ್ದೇನೆ, ತೂತು ಬೇಡ ಎನ್ನುವುದು ತಪ್ಪು ಲೆಕ್ಕ. ಜಲ್ಲಿಯ ಮೇಲಿನ ಮಣ್ಣು ಹಸಿಯಾಗಿಯೇ ಇರುತ್ತದೆ, ಆ ಹಸಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ ಅಷ್ಟೇ. ನಾನಂತೂ ಹೊಳಪು ಬಳಿಯದ ಮಣ್ಣಿನ ಕುಂಡವನ್ನೇ ಬಳಸಿ ಎನ್ನುತ್ತೇನೆ. ಗೋಡೆಯಿಂದಲೂ ತೇವ ಆರುತ್ತದೆ. ಗಾತ್ರ ಗಿಡಕ್ಕಿಂತ ಸ್ವಲ್ಪವೇ ದೊಡ್ಡದಿರಲಿ. ಮೇಲೆ ಬಣ್ಣದ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿ ಮಾರುವ ಗಿಡ ಕೊಂಡಿದ್ದರೆ ಆ ಕಲ್ಲುಗಳನ್ನು ಇವತ್ತೇ ಕಿತ್ತುಹಾಕಿ.

6. ನೆಟ್ಟ ಮೇಲೆ

ಒಣ ಮಣ್ಣಿನಲ್ಲಿ ನೆಟ್ಟು ಒಂದು ವಾರ ನೀರು ಹಾಕಬೇಡಿ. ಬೇರಿಲ್ಲದ ತುದಿಯಾದರೆ ಬೇರು ಬಿಡಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಅಲ್ಲಿಯವರೆಗೆ ದಿನಾ ಕಿತ್ತು ನೋಡಬೇಡಿ. ಮೆಲ್ಲಗೆ ಎಳೆದಾಗ ಹಿಡಿದುಕೊಂಡಿದ್ದರೆ ಬೇರು ಬಂದಿದೆ ಎಂದರ್ಥ. ಗೊಬ್ಬರ ಈಗಲೇ ಬೇಡ, ಹೊಸ ಎಲೆ ಬಂದ ಮೇಲೆ ನೋಡಿಕೊಳ್ಳಬಹುದು.

ಕಾಂಡ ಪೂರ್ತಿ ಹೋಗಿದ್ದರೂ ಎಚೆವೇರಿಯಾ (ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಸಕ್ಯುಲೆಂಟ್), ಜೇಡ್ ಗಿಡಗಳ ಗಟ್ಟಿ ಎಲೆಯೊಂದನ್ನು ಬುಡಸಮೇತ ಬಿಡಿಸಿ ಒಣಗಿಸಿ ಮಣ್ಣಿನ ಮೇಲಿಟ್ಟರೆ ಮರಿ ಬರಬಹುದು. ಲೋಳೆಸರದ ಎಲೆಯಲ್ಲಿ ಈ ಆಸೆ ಬೇಡ, ಅದಕ್ಕೆ ಪಕ್ಕದ ಮರಿಯೇ ಬೇಕು.

ಗಿಡ ಚೇತರಿಸಿಕೊಂಡರೂ ತೀರಾ ಸೊರಗಿದ ಕೆಳಗಿನ ಎಲೆಗಳು ತುಂಬಿಕೊಳ್ಳುವುದಿಲ್ಲ. ನಡುವಿನ ಹೊಸ ಎಲೆ ಗಟ್ಟಿಯಾಗಿದೆಯೇ ಅಂತ ಮಾತ್ರ ನೋಡಿ. ಕೆಳಗಿನವು ಪೂರ್ತಿ ಒಣಗಿದ ಮೇಲೆ ಕಿತ್ತು ತೆಗೆಯಿರಿ, ಹಿಟ್ಟು ತಿಗಣೆ ಅಡಗಿಕೊಳ್ಳುವುದು ಅವುಗಳ ಅಡಿಯಲ್ಲೇ.