ಕ್ಯಾಮೆರಾ ಹಿಡಿದ ಮೊದಲ ವರ್ಷದ ಲೆಕ್ಕ ನೋಡುವುದು ಹೇಗೆ

ಲೆಕ್ಕ ಬರೆಯುವ ಕೆಲಸ ಬಿಟ್ಟು ಪೂರ್ತಿಯಾಗಿ ಫೋಟೋಗ್ರಫಿಗೆ ಇಳಿದು ಒಂದು ವರ್ಷವಾಯಿತು. ಹೇಗಿದೆ ಹೊಸ ಕೆಲಸ ಅಂತ ಕೇಳಿದವರಿಗೆಲ್ಲ ಪರವಾಗಿಲ್ಲ, ನಡೀತಾ ಇದೆ ಅನ್ನುತ್ತಾ ಬಂದೆ. ಹೋದ ವಾರ ಒಳ್ಳೆಯ ಕೆಲಸ ಸಿಕ್ಕಿದ್ದರೆ ಇಡೀ ವರ್ಷ ಚೆನ್ನಾಗಿತ್ತು ಅನ್ನಿಸುತ್ತದೆ. ಮೊನ್ನೆ ಯಾರೋ ಬುಕಿಂಗ್ ರದ್ದು ಮಾಡಿದ್ದರೆ ಎಲ್ಲವೂ ದಂಡ ಅನ್ನಿಸುತ್ತದೆ. ನೆನಪು ಹಾಗೇ, ಅದನ್ನು ನಂಬುವುದು ಕಷ್ಟ. ಆದರೆ ನಮ್ಮ ಕಸುಬಿನಲ್ಲಿ ಒಂದು ಅನುಕೂಲ ಇದೆ: ಪ್ರತಿ ಕ್ಲಿಕ್ಕಿಗೂ ದಾಖಲೆ ಉಳಿದಿರುತ್ತದೆ. ಅದನ್ನು ಓದುವ ವಿಧಾನ ಹೇಳುತ್ತೇನೆ. ಒಂದೆರಡು ಸಂಜೆ ಬಿಡುವು ಮಾಡಿಕೊಂಡರೆ ಸಾಕು.

ಮೊದಲು ಬ್ಯಾಕಪ್. ಫೋಟೋಗಳ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ. 3-2-1 ಅಂತ ಕರೆಯುವ ಈ ನಿಯಮವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್, ಅವರೂ ಫೋಟೋಗ್ರಾಫರೇ. ಇದು ಆಗದೆ ಮುಂದಕ್ಕೆ ಹೋಗಬೇಡಿ. ಹುಡುಕುತ್ತಾ ಹುಡುಕುತ್ತಾ ಬೇಡದ ಫೈಲುಗಳನ್ನು ಅಳಿಸುವ ಮನಸ್ಸು ಬಂದೇ ಬರುತ್ತದೆ.

ಈಗ ಫೋಟೋಗಳನ್ನು ಜೋಡಿಸಿಡುವ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಕ್ಯಾಟಲಾಗ್, ಅಂದರೆ ಎಲ್ಲ ಫೋಟೋಗಳ ಪಟ್ಟಿ, ತೆರೆಯಿರಿ. ಲೈಟ್‌ರೂಮ್ ಕ್ಲಾಸಿಕ್ ಆದರೆ ಲೈಬ್ರರಿಯ ಗ್ರಿಡ್‌ಗೆ ಹೋಗಿ ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿ. ಮೇಲೆ ಫಿಲ್ಟರ್ ಪಟ್ಟಿ ಬರುತ್ತದೆ. ಅದರಲ್ಲಿ ಮೆಟಾಡೇಟಾ ಆರಿಸಿ. ಮೊದಲ ಕಾಲಂನಲ್ಲಿ ದಿನಾಂಕ, ಆಮೇಲೆ ಲೆನ್ಸ್, ಫೋಕಲ್ ಲೆಂತ್ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಅನ್ನುವ ಅಳತೆ), ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ). ಕಾಲಂ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಬದಲಾಯಿಸಿಕೊಳ್ಳಬಹುದು. ಪ್ರತಿ ಸಾಲಿನ ಪಕ್ಕ ಎಷ್ಟು ಫೋಟೋ ಅಂತ ಅದೇ ಎಣಿಸಿ ಕೊಡುತ್ತದೆ. ಈ ಮಾಹಿತಿಯನ್ನೆಲ್ಲ ಕ್ಯಾಮೆರಾ ಎಕ್ಸಿಫ್ ಅನ್ನುವ ರೂಪದಲ್ಲಿ ಫೈಲಿನ ಒಳಗೇ ಬರೆದಿಡುವುದರಿಂದ ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಸಿಗುತ್ತದೆ.

ಫೋಕಲ್ ಲೆಂತ್ ಸಾಲುಗಳನ್ನು ನಿಧಾನಕ್ಕೆ ನೋಡಿ. ನಿಮ್ಮ 24-70ಎಂಎಂ ಜೂಮ್ ಲೆನ್ಸಿನ ಫೋಟೋಗಳೆಲ್ಲ 70ರ ತುದಿಯಲ್ಲೇ ಗುಡ್ಡೆ ಬಿದ್ದಿವೆಯಾ? ಇನ್ನೂ ಉದ್ದದ ಲೆನ್ಸ್ ಬೇಕು ಅಂತ ಅದರ ಅರ್ಥ ಇರಬಹುದು. ಅಥವಾ ಜನರ ಹತ್ತಿರ ಹೋಗಲು ಸಂಕೋಚ ಅಂತಲೂ ಇರಬಹುದು. ಅಂಗಡಿಯವರು ಮೊದಲನೆಯದನ್ನೇ ಹೇಳುತ್ತಾರೆ, ಅವರ ತಪ್ಪಲ್ಲ! ನನ್ನ ವಿಷಯದಲ್ಲಿ ಸಂಕೋಚವೇ ನಿಜ. ವರ್ಷದ ಮೊದಲ ತಿಂಗಳುಗಳಲ್ಲಿ ದೂರ ನಿಂತೇ ತೆಗೆಯಬಹುದಾದ 85ಎಂಎಂ ಲೆನ್ಸೇ ಜಾಸ್ತಿ. ಕೊನೆಯ ಹೊತ್ತಿಗೆ ಹತ್ತಿರ ಹೋಗಿ ತೆಗೆಯಬೇಕಾದ 35ಎಂಎಂ ಮುಂದೆ ಬಂದಿದೆ. ಅಪರ್ಚರ್ ಕೂಡ 1.8ರಿಂದ ಮೆಲ್ಲಗೆ 4ರ ಕಡೆಗೆ ಸರಿದಿದೆ; ಈ ಸಂಖ್ಯೆ ಹೆಚ್ಚಾದಷ್ಟೂ ಹಿನ್ನೆಲೆ ಸ್ಪಷ್ಟವಾಗಿ ಕಾಣುತ್ತದೆ. ಹಿನ್ನೆಲೆಯನ್ನು ಮಸುಕು ಮಾಡಿ ಅಡಗಿಸುವ ಬದಲು ಅದನ್ನೂ ಜೋಡಿಸಿಕೊಳ್ಳಲು ಕಲಿತಿದ್ದೇನೆ ಅಂತ ನನಗೆ ಗೊತ್ತಾಗಿದ್ದೇ ಈ ಕಾಲಂ ನೋಡಿದ ಮೇಲೆ.

ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕ್ಯಾಟಲಾಗ್‌ನಲ್ಲಿ ಚೆನ್ನಾಗಿವೆ ಅಂತ ನೀವು ಐದು ಸ್ಟಾರ್ ಕೊಟ್ಟ ಫೋಟೋಗಳನ್ನು ಒಂದು ಕಲೆಕ್ಷನ್‌ಗೆ, ಅಂದರೆ ಒಂದು ಗುಂಪಿಗೆ, ಹಾಕಿ. ಗಿರಾಕಿಗಳು ಆಲ್ಬಂಗೆ ಆರಿಸಿಕೊಂಡವು, ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡವು ಇನ್ನೊಂದಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ಫೋಟೋಗಳು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತವೆ.

ನನ್ನಲ್ಲಿ ಒಂದು ಫೋಟೋ ಇದೆ. ಮದುವೆ ಮನೆ, ಗ್ರೂಪ್ ಫೋಟೋಗೆ ಎಲ್ಲರೂ ನಿಲ್ಲುತ್ತಿದ್ದಾರೆ. ಅಂಚಿನಲ್ಲಿ ಹುಡುಗಿಯ ಅಜ್ಜ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿರುವ ಮೊಮ್ಮಗಳು ಬಾಗಿ ಅವರ ಕಾಲರ್ ಸರಿ ಮಾಡುತ್ತಿದ್ದಾಳೆ. ಹಿಂದಿನ ಕಿಟಕಿ ಬೆಳಕು ಜಾಸ್ತಿಯಾಗಿ ಪೂರ್ತಿ ಬೆಳ್ಳಗೆ ಸುಟ್ಟುಹೋಗಿದೆ, ಅದಕ್ಕೇ ಎರಡು ಸ್ಟಾರ್ ಕೊಟ್ಟು ಮುಂದೆ ಹೋಗಿದ್ದೆ. ಆ ಮನೆಯವರು ಗೋಡೆಗೆ ಹಾಕಲು ಆರಿಸಿದ್ದು ಅದನ್ನೇ. ನಾವು ಕಿಟಕಿ ನೋಡುತ್ತೇವೆ, ಅವರು ಅಜ್ಜನನ್ನು ನೋಡುತ್ತಾರೆ. ಹಾಗಂತ ಗಿರಾಕಿ ಹೇಳಿದ್ದೇ ಸರಿ ಅಂತ ನಾನು ಒಪ್ಪುವುದಿಲ್ಲ. ಅವರಿಗೆ ಹಿಡಿಸದ ನಿಮ್ಮ ಐದು ಸ್ಟಾರ್ ಫೋಟೋಗಳಲ್ಲೂ ನಿಮ್ಮ ಕಣ್ಣು ಎತ್ತ ಹೋಗುತ್ತಿದೆ ಅಂತ ಕಾಣುತ್ತದೆ. ಎರಡೂ ಪಟ್ಟಿ ಇಟ್ಟುಕೊಳ್ಳಿ. ಒಂದು ಹೊಟ್ಟೆಪಾಡಿಗೆ, ಇನ್ನೊಂದು ನಿಮಗೆ.

ಇನ್ನು ಗಂಟೆಗಳ ಲೆಕ್ಕ. ಹಳೆಯ ಕಸುಬಿನ ಚಾಳಿ ಅಂದುಕೊಳ್ಳಿ, ಆದರೆ ಇದನ್ನು ಬಿಡಬೇಡಿ. ಒಂದು ಕೆಲಸ ಆರಿಸಿ, ಅದಕ್ಕೆ ಹೋದ ಸಮಯವನ್ನೆಲ್ಲ ಬರೆಯಿರಿ. ಶೂಟಿಂಗ್ 6 ಗಂಟೆ ಅಂತಿಟ್ಟುಕೊಳ್ಳಿ. ಆರಿಸುವುದು, ಎಡಿಟಿಂಗ್ ಸೇರಿ 14. ಓಡಾಟ, ಫೋನು, ಮೆಸೇಜು, ಬಾಕಿ ಹಣಕ್ಕೆ ನೆನಪು ಮಾಡುವುದು 4. ಒಟ್ಟು 24. ನೀವು 6 ಗಂಟೆ ಅಂದುಕೊಂಡು ದರ ಹೇಳಿದ್ದರೆ ನಿಮಗೆ ಸಿಕ್ಕಿದ್ದು ಕಾಲು ಭಾಗದ ಕೂಲಿ. ಇದರ ಮೇಲೆ ಸವಕಳಿ ಬೇರೆ. ಶಟರ್ ಸವೆಯುತ್ತದೆ, ಬ್ಯಾಟರಿ ಸೊರಗುತ್ತದೆ, ಹಾರ್ಡ್ ಡಿಸ್ಕ್ ತುಂಬುತ್ತದೆ. ವರ್ಷದ ಖರ್ಚು ಮತ್ತು ನಿಮಗೆ ಬೇಕಾದ ಸಂಬಳ ಕೂಡಿಸಿ, ವರ್ಷಕ್ಕೆ ನಿಜವಾಗಿ ಮಾಡಬಹುದಾದ ಕೆಲಸಗಳ ಸಂಖ್ಯೆಯಿಂದ ಭಾಗಿಸಿ. ಬರುವ ಮೊತ್ತಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕುತ್ತಿದ್ದೀರಿ ಅಂತ ಅರ್ಥ. ಮುಂಗಡ ಇಲ್ಲದೆ ದಿನಾಂಕ ಕೊಡಬೇಡಿ. ಪರಿಚಯದವರಿಗೂ.

ಹಳೆಯ ಕೆಲಸ ಏನು ಕೊಟ್ಟಿತು ಅಂತಲೂ ಒಂದು ಹಾಳೆಯಲ್ಲಿ ಬರೆಯಿರಿ. ಕಸುಬು ಬದಲಾಯಿಸಿದವರನ್ನು ಸಮಾಧಾನ ಮಾಡಲು ಎಲ್ಲರೂ ಬ್ರೆಜಿಲ್‌ನ ಹೆಸರಾಂತ ಫೋಟೋಗ್ರಾಫರ್ ಸೆಬಾಸ್ಟಿಯಾವೊ ಸಲ್ಗಾಡೊ ಹೆಸರು ಹೇಳುತ್ತಾರೆ. ಅವರು ಅರ್ಥಶಾಸ್ತ್ರ ಓದಿ, ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದು, 1973ರಲ್ಲಿ ಅದನ್ನು ಬಿಟ್ಟು ಕ್ಯಾಮೆರಾ ಹಿಡಿದವರು. ನೌಕರಿ ಬಿಟ್ಟ ಧೈರ್ಯದ ಬಗ್ಗೆಯೇ ಜಾಸ್ತಿ ಮಾತು. ನನಗೆ ಮುಖ್ಯ ಅನ್ನಿಸುವುದು ಬೇರೆ. 1986ರಲ್ಲಿ ಬ್ರೆಜಿಲ್‌ನ ಸೆರಾ ಪೆಲಾಡಾ ಚಿನ್ನದ ಗಣಿಯಲ್ಲಿ ಅವರು ತೆಗೆದ ಫೋಟೋಗಳನ್ನು ನೋಡಿ. ಮಣ್ಣಿನ ಮೂಟೆ ಹೊತ್ತು ಏಣಿ ಹತ್ತುವ ಸಾವಿರಾರು ಕೂಲಿಗಳು. ದುಡಿಮೆ, ವಲಸೆ, ಯಾರ ಬೆವರು ಯಾರ ಪಾಲಿಗೆ ಅನ್ನುವ ಪ್ರಶ್ನೆ, ಇವೆಲ್ಲ ಅರ್ಥಶಾಸ್ತ್ರದವನ ಕಣ್ಣೇ ಅಲ್ವಾ? ನಿಮ್ಮ ಹಾಳೆಯಲ್ಲೂ ಏನಾದರೂ ಇದ್ದೇ ಇರುತ್ತದೆ. ಪಾಠ ಹೇಳುತ್ತಿದ್ದವರಿಗೆ ಮಕ್ಕಳನ್ನು ಕೂರಿಸುವುದು ಗೊತ್ತು. ನರ್ಸ್ ಆಗಿದ್ದವರಿಗೆ ಗಾಬರಿಯಾದವರ ಜೊತೆ ಮಾತಾಡುವುದು ಗೊತ್ತು.

ಪೋರ್ಟ್‌ಫೋಲಿಯೊಗೆ, ಅಂದರೆ ಹೊಸ ಗಿರಾಕಿಗಳಿಗೆ ತೋರಿಸುವ ಸಂಗ್ರಹಕ್ಕೆ, 20 ಫೋಟೋ ಸಾಕು. ಅದನ್ನು ಫೋಟೋಗ್ರಫಿ ಗೊತ್ತಿಲ್ಲದವರ ಕೈಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಯಾವುದರ ಬಳಿ ಅವರ ಬೆರಳು ನಿಲ್ಲುತ್ತದೆ ಗಮನಿಸಿ. "ಇದು ತೆಗೆಯೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ" ಅಂತ ನೀವು ವಿವರಿಸಬೇಕಾಗಿ ಬಂದ ಫೋಟೋವನ್ನು ತೆಗೆದುಬಿಡಿ. ಮುಂದೆ ಯಾವ ಬಗೆಯ ಕೆಲಸ ಬೇಡವೋ ಅದರ ಫೋಟೋ ಎಷ್ಟೇ ಚೆನ್ನಾಗಿದ್ದರೂ ಹೊರಗಿಡಿ. ತೋರಿಸಿದ್ದನ್ನೇ ಜನ ಕೇಳಿಕೊಂಡು ಬರುತ್ತಾರೆ.

ಕೊನೆಗೆ ಒಂದು ಚಿಕ್ಕ ಕೆಲಸ. ಎರಡು ಕ್ಯಾಮೆರಾ ಬಳಸುವವರು ಎರಡರ ಗಡಿಯಾರವನ್ನೂ ಸೆಕೆಂಡಿನವರೆಗೆ ಹೊಂದಿಸಿ. ಒಂದು ನಿಮಿಷ ಹಿಂದೆಮುಂದೆ ಇದ್ದರೂ ಸಮಯದ ಪ್ರಕಾರ ಜೋಡಿಸಿದಾಗ ಹಾರ ಹಾಕಿದ ಮೇಲೆ ಹಾರ ಹಿಡಿದುಕೊಂಡು ಬರುವ ಫೋಟೋ ಕೂತಿರುತ್ತದೆ. ಮುಂದಿನ ವರ್ಷ ಇದೇ ಕಾಲಂಗಳನ್ನು ಓದುವಾಗಲೂ ಆ ದಿನಾಂಕ, ಸಮಯ ಸರಿ ಇದ್ದರೇ ಉಪಯೋಗ.