ವರ್ಷಕ್ಕೊಂದು ಸಲ ಬರೋ ದುಡ್ಡಲ್ಲಿ 12 ತಿಂಗಳು ಮನೆ ನಡೆಸಿದ್ದು: ನನ್ನ ಅನುಭವ

ಖರ್ಚು ಕಮ್ಮಿ ಮಾಡೋದು ಹೇಗೆ ಅಂತ ಯಾರನ್ನ ಕೇಳಿದ್ರೂ ‘ಸಂಬಳ ಬಂದ ದಿನವೇ ಇಷ್ಟು ಎತ್ತಿಡಿ’ ಅಂತ ಶುರು ಮಾಡ್ತಾರೆ. ನಮ್ಮಂಥವರಿಗೆ ಸಂಬಳ ಅನ್ನೋದೇ ಇಲ್ವಲ್ಲ. ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗೋ ದಾರೀಲಿ ಸ್ವಲ್ಪ ಒಳಗೆ ನಮ್ದು ಮೂರು ಎಕರೆ ತೋಟ, ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಅಷ್ಟೇ. ಜನವರಿಯಿಂದ ಮಾರ್ಚ್ ಒಳಗೆ ಕುಯ್ದು ಒಣಗಿಸಿ ಮಾರಿದ್ರೆ ದುಡ್ಡು, ಆಮೇಲೆ ಮುಂದಿನ ಕುಯ್ಲಿನ ತನಕ ಕೈ ಖಾಲಿ. ಇವರು, ಅಂದ್ರೆ ನನ್ನ ಗಂಡ, ಪಂಪ್‌ಸೆಟ್ಟು, ವೀಡ್ ಕಟರ್ ರಿಪೇರಿ ಮಾಡ್ತಾರೆ, ಅದ್ರಲ್ಲಿ ಕೆಲವು ತಿಂಗಳು ಮೂರು ನಾಲ್ಕು ಸಾವಿರ ಬರತ್ತೆ, ಮಳೆ ಹಿಡೀತು ಅಂದ್ರೆ ಅದೂ ನಿಲ್ಲತ್ತೆ. ಮನೇಲಿ ಅತ್ತೆ, ನಾವಿಬ್ರು, ಇಬ್ರು ಮಕ್ಕಳು.

2018ರ ಆಗಸ್ಟ್ ಮಳೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆ ಗುಡ್ಡಕ್ಕೆ ಗುಡ್ಡವೇ ಜಾರಿ ಮನೆ ತೋಟ ಎಲ್ಲ ಹೋದವರಿದ್ದಾರೆ, ಅವರ ಮುಂದೆ ನಮ್ಮ ಕಷ್ಟ ಕಷ್ಟವೇ ಅಲ್ಲ. ನಮ್ಮ ಜಾಗ ಉಳೀತು, ಕಾಯಿ ಮಾತ್ರ ಕೊಳೆತು ಉದುರಿ ಗಿಡದ ಬುಡ ಎಲ್ಲ ಕಪ್ಪಾಗಿತ್ತು. ಆ ವರ್ಷ ಸಿಕ್ಕಿದ್ದು 22 ಚೀಲ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. 50 ಕೆ.ಜಿ. ಚೀಲಕ್ಕೆ 3,300 ರೂಪಾಯಿ. 2016ರಲ್ಲಿ ಕೆ.ಜಿ.ಗೆ 700ರ ಹತ್ತಿರ ಹೋಗಿದ್ದ ಮೆಣಸು, ವಿಯೆಟ್ನಾಂ ಮೆಣಸು ಬಂದು ಬಂದು 320ಕ್ಕೆ ಇಳಿದಿತ್ತು. 150 ಕೆ.ಜಿ. ಮೆಣಸೂ ಸೇರಿ ಎಲ್ಲಾ ಒಟ್ಟಾಗಿ ಒಂದು ಲಕ್ಷದ ಇಪ್ಪತ್ತು ಸಾವಿರ, ಕುಯ್ಲಿನ ಕೂಲಿ ಗೊಬ್ಬರ ಕಳೆದು ಕೈಗೆ ಉಳಿದದ್ದು 75 ಸಾವಿರ. ಅದ್ರಲ್ಲಿ ಅಂಗಡಿ ಬಾಕಿ ಬೇರೆ ಕೊಡೋದಿತ್ತು.

ಅಂಗಡಿ ಬಾಕಿ ಅಂದ್ರೆ ಬರೆಸಿ ತರೋದು. ನಮ್ಮ ಕಡೆ ಹೆಚ್ಚಿನ ಮನೆಗಳದ್ದೂ ಇದೇ ಕಥೆ, ಜೂನ್‌ನಿಂದ ಪುಸ್ತಕದಲ್ಲಿ ಬರೆಸಿಕೊಂಡು ತಂದು ಕಾಫಿ ಮಾರಿದ ಮೇಲೆ ಚುಕ್ತಾ ಮಾಡೋದು. 2019ರ ಮಾರ್ಚ್‌ನಲ್ಲಿ ಲೆಕ್ಕ ನೋಡಿದ್ರೆ 41,300 ರೂಪಾಯಿ. ನನಗೆ ನಿಂತಲ್ಲೇ ಕಾಲು ನಡುಗಿತು. ಅಂಗಡಿಯವರನ್ನ ನಾವು ಕಾಕ ಅನ್ನೋದು. ‘ಕಾಕ, ಈ ಪುಸ್ತಕ ಒಂದು ರಾತ್ರಿಗೆ ಕೊಡ್ತೀರಾ’ ಅಂದೆ. ‘ತಗೊಂಡೋಗಿ ಅಕ್ಕ, ನಾಳೆ ಕೊಟ್ರೆ ಸಾಕು’ ಅಂದ್ರು. ಅವತ್ತು ರಾತ್ರಿ ಮಗನ ಹಳೇ ನೋಟ್‌ಬುಕ್‌ನ ಹಿಂದಿನ ಹಾಳೆಗಳಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ಸಾಲು ಅಂತ ಗೆರೆ ಎಳೆದು ಬರೀತಾ ಕೂತೆ, ಮುಗಿಯೋವಾಗ ಒಂದು ಗಂಟೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಎಲ್ಲಾ ಸೇರಿದ್ರೂ ಅರ್ಧ ದಾಟಲಿಲ್ಲ. ಉಳಿದದ್ದು ಬಿಸ್ಕತ್ತು, ಬ್ರೆಡ್ಡು, ಮಿಕ್ಸ್ಚರ್, ಒಂದೊಂದೇ ಶಾಂಪೂ ಪ್ಯಾಕೆಟ್ಟು, ಮೊಬೈಲ್ ರೀಚಾರ್ಜು, ಮತ್ತೆ ಕಾಫಿಪುಡಿ. ಕಾಫಿ ಬೆಳೆಯೋ ಮನೆಗೆ ತಿಂಗಳಿಗೆ ಒಂದೂವರೆ ಕೆ.ಜಿ. ಕಾಫಿಪುಡಿ ಅಂಗಡಿಯಿಂದ! ಮಳೇಲಿ ಸಂಜೆ ಹೊತ್ತು ಏನಾದ್ರೂ ಬಾಯಿಗೆ ಬೇಕು ಅನ್ಸತ್ತೆ, ಹುಡುಗನ ಕೈಲಿ ಪುಸ್ತಕ ಕೊಟ್ಟು ಕಳ್ಸೋದು, ಕೈಯಿಂದ ನೋಟು ಹೋಗಲ್ವಲ್ಲ, ಹಾಗಾಗಿ ಖರ್ಚಾಯ್ತು ಅಂತಾನೇ ಗೊತ್ತಾಗಲ್ಲ.

ಇನ್ನೊಂದು ಲೆಕ್ಕ ಅದಕ್ಕಿಂತ ಹೊಟ್ಟೆ ಉರಿಸಿತು. ಹಿಂದಿನ ಆಗಸ್ಟ್‌ನಲ್ಲಿ ಒಬ್ಬ ವ್ಯಾಪಾರಿ ಹತ್ರ 40 ಸಾವಿರ ಮುಂಗಡ ತಗೊಂಡಿದ್ವಿ. ಬಡ್ಡಿ ಇಲ್ಲ, ಕಾಫಿ ಅವರಿಗೇ ಕೊಡಬೇಕು, ಮಾರ್ಕೆಟ್ ರೇಟಿಗಿಂತ ಚೀಲಕ್ಕೆ 250 ಕಮ್ಮಿ. ಬಡ್ಡಿ ಇಲ್ವಲ್ಲ ಅಂತ ನಾವು ಖುಷೀಲಿದ್ವಿ. 22 ಚೀಲಕ್ಕೆ 5,500 ರೂಪಾಯಿ ಹೋಯ್ತು, ಐದೇ ತಿಂಗಳಿಗೆ, ಅಂದ್ರೆ ನೂರಕ್ಕೆ ತಿಂಗಳಿಗೆ ಎರಡೂ ಮುಕ್ಕಾಲು ರೂಪಾಯಿ ಬಡ್ಡಿ ಬಿತ್ತು. ಇವರಿಗೆ ಲೆಕ್ಕ ಹಾಕಿ ತೋರಿಸಿದೆ, ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ‘ಇನ್ನು ಮುಂಗಡ ಬೇಡ, ಆದ್ರೆ ಮಳೆಗಾಲ ಹೇಗೆ ಕಳೆಯೋದು ನೀನೇ ಹೇಳು’ ಅಂದ್ರು.

ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮತ್ತೆ ಹತ್ರ. ಅವರು ಮದುವೆಯಾಗಿ ಬಂದ ಕಾಲಕ್ಕೆ ಜೂನ್‌ನಲ್ಲಿ ಮಳೆ ಶುರುವಾದ್ರೆ ಪೇಟೆಗೆ ಹೋಗೋ ದಾರಿಯೇ ಇರ್ತಿರ್ಲಿಲ್ಲ, ಹಾಗಾಗಿ ಮೇ ಮುಗಿಯೋದ್ರೊಳಗೆ ಉಪ್ಪಿನಿಂದ ಹಿಡಿದು ಸೌದೆವರೆಗೆ ಎಲ್ಲಾ ಮನೆ ಒಳಗಿರಬೇಕಿತ್ತು. ‘ಆಗ ನಾವು ಅಂಗಡಿ ಮುಖ ನೋಡ್ತಿದ್ದದ್ದು ಕೈಲ್ ಮುಹೂರ್ತಕ್ಕೇ ಮಗ’ ಅಂದ್ರು. ಅಂದ್ರೆ ಸೆಪ್ಟೆಂಬರ್‌ನಲ್ಲಿ ಬರೋ ಕೊಡಗಿನ ಆಯುಧ ಪೂಜೆ ಹಬ್ಬ. ರೋಡು ಬಂತು, ಅಂಗಡಿ ಬಂತು, ಆ ಮಳೆಗಾಲದ ಸಾಮಾನು ಕೂಡಿಡೋ ಕ್ರಮ ನಮ್ಮ ಕೈಲಿ ಬಿಟ್ಟುಹೋಯ್ತು.

ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. 75 ಸಾವಿರದಲ್ಲಿ ಬಾಕಿಗೆ ಒಂದಷ್ಟು ಕೊಟ್ಟು ಉಳಿದದ್ದನ್ನ 12 ಸಮ ಭಾಗ ಮಾಡಿ 12 ಡಬ್ಬಿಗೆ ಹಾಕಿದೆ, ತಿಂಗಳಿಗೆ ಒಂದು ಅಂತ. ಜೂನ್ ಡಬ್ಬಿ ಶಾಲೆ ಫೀಸು, ಕೊಡೆ, ಯೂನಿಫಾರ್ಮು ಅಂತ ಮೂರೇ ದಿನದಲ್ಲಿ ಖಾಲಿ, ಜುಲೈದು ಮುಟ್ಟಬೇಕಾಯ್ತು, ಆಮೇಲೆ ಡಬ್ಬಿಗೆ ಮರ್ಯಾದೆಯೇ ಉಳೀಲಿಲ್ಲ. ನಮ್ಮ ಕಡೆ ತಿಂಗಳುಗಳು ಒಂದೇ ಥರ ಇರಲ್ಲ. ಮೇ, ಜೂನ್‌ನಲ್ಲಿ ಖರ್ಚು ಜಾಸ್ತಿ, ಜುಲೈ ಆಗಸ್ಟ್‌ನಲ್ಲಿ ಹೊರಗೇ ಹೋಗಲ್ಲ, ಕುಯ್ಲಿನ ಟೈಮಲ್ಲಿ ಕೆಲಸದವರ ಕಾಫಿ ತಿಂಡಿ ಇರತ್ತೆ. ಎರಡನೇ ವರ್ಷದಿಂದ ಮೊದಲು ಮಳೆಗಾಲದ ಸಾಮಾನಿಗೆ 24 ಸಾವಿರ, ಶಾಲೆಗೆ 9 ಸಾವಿರ ಪಕ್ಕಕ್ಕೆ ಇಟ್ಟುಬಿಡ್ತೀನಿ, ಉಳಿದ ದುಡ್ಡನ್ನ ಮಾತ್ರ ತಿಂಗಳಿಗೆ ಹಂಚೋದು, 3,500ರ ಹತ್ತಿರ ಬರತ್ತೆ. ಮೂರು ತಿಂಗಳದ್ದು ಮನೇಲಿ, ಉಳಿದದ್ದು ಸೊಸೈಟಿಯಲ್ಲಿ. ರಿಪೇರಿ ದುಡ್ಡು ಆಸ್ಪತ್ರೆಗೆ, ಫೋನಿಗೆ.

ಮಳೆಗಾಲದ ಸಾಮಾನು ನಾನು ಕುಶಾಲನಗರದ ಮಂಗಳವಾರದ ಸಂತೆಯಿಂದ ತರ್ತೀನಿ. ಉಪ್ಪು, ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಲ್ಲ, ಹುರುಳಿ, ಹೆಸರು, ಕಡಲೆ. ಒಣಮೀನು ಮೇ ತಿಂಗಳಲ್ಲೇ ತಗೋಬೇಕು, ಯಾಕಂದ್ರೆ ಜೂನ್ 1ರಿಂದ ಜುಲೈ 31ರ ತನಕ ಕರಾವಳೀಲಿ ಯಾಂತ್ರಿಕ ಬೋಟಿನ ಮೀನುಗಾರಿಕೆ ನಿಷೇಧ, ಆಗ ಹಸಿಮೀನೂ ದುಬಾರಿ ಒಣಮೀನೂ ದುಬಾರಿ. ಬಣ್ಣದ ಸೌತೆಕಾಯಿ, ಅಂದ್ರೆ ಮಂಗಳೂರು ಸೌತೆ, ಒಂದು ಗೋಣಿ ತಂದು ಬಾಳೆನಾರಲ್ಲಿ ಒಂದೊಂದನ್ನೇ ಕಟ್ಟಿ ಅಟ್ಟದ ಜಂತಿಗೆ ನೇತು ಹಾಕ್ತೀವಿ, ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿದಿರಬಾರದು, ಹಾಗಿದ್ರೆ ಆಗಸ್ಟ್ ಕೊನೆವರೆಗೂ ಇರತ್ತೆ. ಸಿಹಿಗುಂಬಳವೂ ಹಾಗೇ. ಹಲಸಿನ ಬೀಜ ತೊಳೆದು ಒಣಗಿಸಿ, ಕೆಮ್ಮಣ್ಣು ಕಲಸಿ ಮೆತ್ತಿ ಮಡಕೇಲಿ ಹಾಕಿಡೋದು. ಕೆಸುವಿನ ಸೊಪ್ಪು ಹಿತ್ತಲಲ್ಲೇ ಬರತ್ತೆ. ಕಣಿಲೆಗೆ, ಅಂದ್ರೆ ಬಿದಿರಿನ ಎಳೆ ಮೊಳಕೆಗೆ, ನಮ್ಮ ಬೇಲಿಯ ಬಿದಿರು ಸಾಕು, ಕಾಡಿಗೆ ಹೋಗೋದು ಬೇಡ, ಅದು ತಪ್ಪೂ ಹೌದು. ಹೆಚ್ಚಿದ ಕಣಿಲೆ ಎರಡು ಮೂರು ದಿನ ನೀರು ಬದಲಾಯಿಸ್ತಾ ನೆನೆಸಿಟ್ಟು, ಬೇಯಿಸಿ ಆ ನೀರೂ ಚೆಲ್ಲಿದ ಮೇಲೇ ಪಲ್ಯ, ಇದ್ರಲ್ಲಿ ಅವಸರ ಮಾಡಬಾರದು.

ಅಕ್ಕಿ ವಿಷಯದಲ್ಲಿ ಒಂದು ಸಲ ಪೆಟ್ಟು ತಿಂದೆ. ಒಟ್ಟಿಗೆ ತಂದ್ರೆ ಕಮ್ಮಿಗೆ ಸಿಗತ್ತೆ ಅಂತ ಎರಡು ಕ್ವಿಂಟಾಲ್ ತಂದು ಗೋಡೆಗೆ ಒರಗಿಸಿ ನೆಲದ ಮೇಲೆ ಇಟ್ಟಿದ್ದೆ. ಜುಲೈನಲ್ಲಿ ಬಾಯಿ ಬಿಚ್ಚಿದ್ರೆ ಬೂಸ್ಟು ವಾಸನೆ, ಕೆಳಗಿನ ಚೀಲ ಗಟ್ಟಿಯಾಗಿ ಹೆಂಟೆ ಕಟ್ಟಿತ್ತು, ಮೇಲಿನದ್ರಲ್ಲಿ ಹುಳ. ಅತ್ತೆ ಮೊರದಲ್ಲಿ ಕೇರಿ ಕೇರಿ ಅರ್ಧ ಉಳಿಸಿದ್ರು, ಅವರ ಬೆನ್ನು ನೋವು ಒಂದು ವಾರ ಬಿಡಲಿಲ್ಲ. ಈಗ ತಂದ ಅಕ್ಕಿ ಮೇ ಬಿಸಿಲಲ್ಲಿ ಬಟ್ಟೆ ಮೇಲೆ ಹರಡಿ, ತಣ್ಣಗಾದ ಮೇಲೆ ಮುಚ್ಚಳ ಇರೋ ಡ್ರಮ್ಮಿಗೆ ಹಾಕಿ, ಡ್ರಮ್ಮು ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಕಾಫಿಪುಡಿ ವಿಷಯ ಸ್ವಲ್ಪ ಜಾಸ್ತೀನೇ ಹೇಳ್ಬೇಕು, ಇದ್ರಲ್ಲಿ ನನಗೆ ಸಿಕ್ಕಿದ ಸಮಾಧಾನ ಬೇರೆ ಯಾವುದ್ರಲ್ಲೂ ಸಿಗಲಿಲ್ಲ. ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಯಿ ಇರತ್ತಲ್ಲ, ಅದನ್ನ ಬಿಡಬಾರದು ಅಂತ ಕಾಫಿ ಬೋರ್ಡಿನವರೂ ಹೇಳ್ತಾರೆ, ಬಿಟ್ರೆ ಅದ್ರೊಳಗೆ ಕಾಯಿಕೊರಕ ಹುಳ ಉಳ್ಕೊಂಡು ಮುಂದಿನ ಫಸಲಿಗೆ ಬರತ್ತೆ. ನಾನು, ಅತ್ತೆ, ರಜೆ ದಿನ ಮಕ್ಕಳು ಸೇರಿ ಹೆಕ್ಕಿದ್ರೆ ಒಣಗಿ ಒಂದು ಚೀಲ ಆಗತ್ತೆ. ಮಾರಿದ್ರೆ ಅದಕ್ಕೆ ಕಮ್ಮಿ ರೇಟು. ಅದನ್ನ ಮಿಲ್ಲಲ್ಲಿ ಸಿಪ್ಪೆ ಬಿಡಿಸಿದ್ರೆ 25 ಕೆ.ಜಿ. ಚಿಲ್ಲರೆ ಬೀಜ, ತೂತಾದದ್ದು ಕಪ್ಪಾದದ್ದು ಆರಿಸಿ ತೆಗೆದ್ರೂ ಮನೆಗೆ ವರ್ಷಕ್ಕೆ ಸಾಕು. ಹದಿನೈದು ದಿನಕ್ಕೊಮ್ಮೆ ಒಂದು ಕೆ.ಜಿ. ಹುರೀತೀನಿ. ದಪ್ಪ ಕಬ್ಬಿಣದ ಬಾಣಲೆ, ಸೌದೆ ಒಲೆ, ಉರಿ ಒಂದೇ ಹದ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬೀಜ ಹಳದಿ ತಿರುಗತ್ತೆ, ಆಮೇಲೆ ಚಟ್ ಚಟ್ ಅಂತ ಸಿಡಿಯೋಕೆ ಶುರು, ಆಗ ಕೈ ನಿಲ್ಲಿಸಬಾರದು. ಸಿಡಿಯೋದು ನಿಂತು ಕಡುಕಂದು ಬಣ್ಣ ಬಂದ ಕೂಡ್ಲೇ ಮೊರಕ್ಕೆ ಸುರಿದು ಬೀಸಬೇಕು, ಬಾಣಲೇಲೇ ಬಿಟ್ರೆ ಆ ಬಿಸಿಗೇ ಕರಟಿ ಹೋಗತ್ತೆ. ಒಂದು ಕೆ.ಜಿ. ಹುರಿದ್ರೆ 800 ಗ್ರಾಮಿಗಿಂತ ಸ್ವಲ್ಪ ಮೇಲೆ ಸಿಗತ್ತೆ. ಅಂಗಡಿ ಪುಡಿಗೆ ವರ್ಷಕ್ಕೆ 4,300 ಕೊಡ್ತಿದ್ವಿ, ಈಗ ಮಿಲ್ಲಿನ ಚಾರ್ಜು ಮಾತ್ರ. ಚಿಕೋರಿ ಇಲ್ಲದ ಕಾಫಿ ಮೊದಲ ವಾರ ಇವರಿಗೆ ತೆಳ್ಳಗೆ ಅನ್ನಿಸಿತ್ತು, ಈಗ ಬೇರೆಯವರ ಮನೆ ಕಾಫಿ ಹಿಡಿಸಲ್ಲ ಅಂತಾರೆ.

ಗೀಸರ್ ನಿಲ್ಲಿಸಿದ್ದು, ಬಚ್ಚಲು ಒಲೆ ಮತ್ತೆ ಹಚ್ಚಿದ್ದು ದೊಡ್ಡ ಉಳಿತಾಯ. 2,000 ವ್ಯಾಟಿನ ಗೀಸರ್ ಒಂದು ಗಂಟೆ ಉರಿದ್ರೆ ಎರಡು ಯೂನಿಟ್. ಕಾಫಿ ಗಿಡ ಸವರಿದಾಗ ಬಿದ್ದ ಕೊಂಬೆ, ಮರಗಸಿ ಅಂದ್ರೆ ನೆರಳಿನ ಮರದ ಕೊಂಬೆ ಕಡಿದಾಗ ಬಿದ್ದ ಸೌದೆ ತೋಟದಲ್ಲೇ ಇರತ್ತೆ, ಮೇ ಒಳಗೆ ಒಡೆದು ಕೊಟ್ಟಿಗೇಲಿ ಪೇರಿಸಿದ್ರಾಯ್ತು. ಹಂಡೆ ನೀರು ಕಾಯೋವಾಗಲೇ ಪಕ್ಕದಲ್ಲಿ ಹುರುಳಿ, ಕಡಲೆ ಬೇಯತ್ತೆ. ವರ್ಷಕ್ಕೆ 12 ಸಿಲಿಂಡರ್ ಬೇಕಿದ್ದದ್ದು 5ಕ್ಕೆ ಇಳೀತು. ಅಡುಗೆಮನೆ ಒಳಗೆ ಮಾತ್ರ ಸೌದೆ ಒಲೆ ಹಾಕಲ್ಲ, ಅತ್ತೆಗೆ ಉಬ್ಬಸ ಇದೆ, ಹೊಗೆ ಕುಡಿಸಿ ಉಳಿಸೋ ದುಡ್ಡು ನಮಗೆ ಬೇಡ.

ಇದನ್ನ ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಮೊದಲ ವರ್ಷ ಹಠಕ್ಕೆ ಬಿದ್ದು ಮೊಟ್ಟೆ ನಿಲ್ಲಿಸಿದೆ, ಹಾಲು ಅರ್ಧ ಮಾಡಿದೆ. ಅಕ್ಟೋಬರ್‌ನಲ್ಲಿ ಮಗ ಮೇಲಿಂದ ಮೇಲೆ ಜ್ವರ ಅಂತ ಮಲಗಿದ, ರಕ್ತ ಕಮ್ಮಿ ಇದೆ ಅಂದ್ರು ಡಾಕ್ಟರು. ಅವನ ಮುಖ ನೋಡಿ ನನಗೆ ಅಳು ತಡೆಯೋಕಾಗಲಿಲ್ಲ. ಅವತ್ತಿಂದ ಹಾಲು, ಮೊಟ್ಟೆ, ಅತ್ತೆಯ ಮಾತ್ರೆ, ಮಗಳ ಕಾಲೇಜು ಈ ನಾಲ್ಕಕ್ಕೆ ಕೈ ಹಾಕಿಲ್ಲ. ಐದು ಕೋಳಿ ಸಾಕಿದ್ದೀನಿ. ಬಿ.ಪಿ. ಮಾತ್ರೆಗೆ ಡಾಕ್ಟರ ಹತ್ರ ಕಂಪನಿ ಹೆಸರು ಬಿಟ್ಟು ಮದ್ದಿನ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಿಂದ ತರ್ತೀವಿ, ಅದು ತುಂಬಾ ಕಮ್ಮಿ ಬೀಳತ್ತೆ. ಮಾತ್ರೆ ಬಿಡಿಸಿ ಉಳಿಸೋದಲ್ಲ.

ಮುಂಗಡದ ಬದಲು ಸೊಸೈಟಿ ಬೆಳೆ ಸಾಲ. ಆಗ 3 ಲಕ್ಷದವರೆಗೆ ಬಡ್ಡಿ ಇರಲಿಲ್ಲ, ಅದನ್ನ ಮೊದಲಿಂದಲೂ ಕೇಳಿದ್ವಿ, ಪಹಣಿ, ಕಾಗದ ಪತ್ರ ಅಂತ ಓಡಾಡೋಕೆ ಬೇಜಾರಾಗಿ ಬಿಟ್ಟಿದ್ವಿ. ನಮ್ಮ ಜಾಗಕ್ಕೆ ಸಿಗೋದು ಅಷ್ಟಿಲ್ಲ, ಆದ್ರೆ ಸಾಕು. ಗಡುವಿಗೆ ಸರಿಯಾಗಿ ಕಟ್ಟಲೇಬೇಕು, ಒಂದು ದಿನ ತಪ್ಪಿದ್ರೂ ಬಡ್ಡಿ ಬೀಳತ್ತೆ ಅಂತ ಕ್ಯಾಲೆಂಡರ್‌ನಲ್ಲಿ ಕೆಂಪು ಗುರುತು ಹಾಕಿಟ್ಟಿರ್ತೀನಿ. ಮೆಣಸನ್ನ ಈಗ ಒಟ್ಟಿಗೆ ಮಾರಲ್ಲ, ಚೆನ್ನಾಗಿ ಒಣಗಿಸಿ ಎರಡು ಚೀಲ ಇಟ್ಟುಕೊಳ್ತೀವಿ, ಆಸ್ಪತ್ರೆ ಗೀಸ್ಪತ್ರೆ ಅಂದ್ರೆ ಹತ್ತು ಕೆ.ಜಿ. ತಗೊಂಡು ಹೋದ್ರೆ ನಗದು. 2020ರ ಮಾರ್ಚ್ ಕೊನೇಲಿ ಲಾಕ್‌ಡೌನ್ ಆದಾಗ ಅಟ್ಟದಲ್ಲಿ ಹಳೇ ಹುರುಳಿ, ಹುಣಸೆಹಣ್ಣು, ಡ್ರಮ್ಮಲ್ಲಿ ಅಕ್ಕಿ ಇತ್ತು. ಪಕ್ಕದ ಲೈನ್ ಮನೆಗಳಲ್ಲಿರೋ ತೋಟದ ಕೆಲಸದವರಿಗೂ ನಾಲ್ಕು ಸೇರು ಅಳೆದು ಕೊಡೋಕಾಯ್ತು.

ಮದುವೆ, ಗೃಹಪ್ರವೇಶ ಅಂದ್ರೆ ನಮ್ಮಲ್ಲಿ ಬಿಡೋ ಹಾಗಿಲ್ಲ, ಬಿಡೋದೂ ಇಲ್ಲ. ಮುಯ್ಯಿ ಇಷ್ಟೇ ಅಂತ ಇಬ್ರೂ ಮಾತಾಡಿ ಗೊತ್ತು ಮಾಡಿದ್ದೀವಿ, ಹೊಸ ಸೀರೆ ಮಾತ್ರ ಇಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಯ್ತಲ್ಲ, ನಮ್ಮ ಒಳದಾರಿಗೆ ಬರೋದು ಹೆಚ್ಚು ಪ್ರೈವೇಟ್ ಬಸ್ಸೇ, ಆದ್ರೂ ಸುಂಟಿಕೊಪ್ಪದ ತನಕ ಹೋದ್ರೆ ಮೈನ್ ರೋಡಲ್ಲಿ ಸರ್ಕಾರಿ ಬಸ್ಸು ಸಿಗತ್ತೆ. ಗೀಸರ್ ನಿಲ್ಲಿಸಿದ್ರಿಂದ ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ ಸೊನ್ನೆ ಬರ್ತಾ ಇದೆ.

2025ರ ಶುರುವಲ್ಲಿ ರೊಬಸ್ಟಾ ಚೆರಿ ಚೀಲಕ್ಕೆ 10 ಸಾವಿರದ ಮೇಲಿತ್ತು, ನಮ್ಮ ಜೀವಮಾನದಲ್ಲಿ ಕಾಣದ ರೇಟು. ನೆಂಟರೊಬ್ಬರು ‘ಇನ್ನೂ ಬುಡದ ಕಾಯಿ ಹೆಕ್ಕುತ್ತೀಯಾ’ ಅಂದ್ರು. ಹೆಕ್ತೀನಿ, ಈಗ ಆ ಚೀಲಕ್ಕೂ ಬೆಲೆ ಜಾಸ್ತಿ ಅಲ್ವಾ. ಆ ದುಡ್ಡಲ್ಲಿ ಗಿರವಿ ಇಟ್ಟ ಎರಡು ಬಳೆ ಬಿಡಿಸಿದ್ವಿ, ಸಿಮೆಂಟಿನ ಕಣ ಮಾಡಿಸಿದ್ವಿ, ಒಂದು ವರ್ಷದ ಮನೆಖರ್ಚು ಪೂರ್ತಿ ಸೊಸೈಟಿಯಲ್ಲಿ ಠೇವಣಿ ಇಟ್ವಿ. ಕಾಕನ ಅಂಗಡಿಗೆ ಈಗಲೂ ಹೋಗ್ತೀನಿ, ನಗದು ಕೊಟ್ಟೇ ತರೋದು, ನಮ್ಮ ಹೆಸರಿನ ಪುಸ್ತಕ ಅಲ್ಲಿಲ್ಲ. ಈ ಸಲ ಸೌತೆಕಾಯಿ 38 ಕಟ್ಟಾಗಿದೆ, ಸೌದೆ ಎರಡು ಸಾಲು ಪೇರಿಸೋದು ಬಾಕಿ, ಒಣಮೀನಿಗೆ ಬರೋ ಮಂಗಳವಾರ ಹೋಗ್ಬೇಕು.