ಹಲ್ಲಿನ ಕ್ಲಿನಿಕ್ ಬಾಗಿಲು ಹಾಕಿದೆ, ಹಲ್ಲುನೋವು ಬಂದಿದೆ: ಈಗ ಏನು ಮಾಡೋದು?

ಕೊರೊನಾದಿಂದಾಗಿ ಹಲ್ಲಿನ ಕ್ಲಿನಿಕ್‌ಗಳು ಬಾಗಿಲು ಹಾಕಿದ್ದ ದಿನಗಳಲ್ಲಿ ಬರೆದದ್ದು ಇದು. ಕಳೆದ ತಿಂಗಳು ಊಟ ಮಾಡುವಾಗ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಯ್ತು. ಉಗಿದು ನೋಡಿದರೆ ಕಲ್ಲಲ್ಲ, ಎಷ್ಟೋ ವರ್ಷದ ಹಿಂದೆ ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟ್. ನಾಲಿಗೆ ಬೇಡ ಬೇಡ ಅಂದರೂ ಆ ಗುಂಡಿಗೇ ಹೋಗಿ ತಡಕುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಬಾವು ಇದೆಯಾ? ಜ್ವರ ಇದೆಯಾ? ಎರಡೂ ಇಲ್ಲ ಎಂದೆ. "ಹಾಗಾದರೆ ನೀವು ಕಾಯಬಹುದು. ಹೇಗೆ ಕಾಯಬೇಕು ಅಂತ ಹೇಳ್ತೀನಿ, ಬರ್ಕೊಳ್ಳಿ" ಅಂದರು. ಆ ಹತ್ತು ನಿಮಿಷದ ಮಾತಿನಿಂದ ನನಗೆ ಎಷ್ಟು ಧೈರ್ಯ ಬಂತೋ, ಅದೇ ಧೈರ್ಯ ಇನ್ನೊಬ್ಬರಿಗೂ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ಲಿನಿಕ್ ಯಾಕೆ ಮುಚ್ಚಿದ್ದಾರೆ ಎಂದು ಸಿಟ್ಟು ಬರುವುದು ಸಹಜ. ಕಾರಣ ಇದೆ. ಹಲ್ಲು ಕೊರೆಯುವ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ, ಬಿಸಿಯಾಗದಿರಲಿ ಅಂತ ಅದರ ತುದಿಗೆ ನೀರು ಚಿಮ್ಮುತ್ತಾ ಇರುತ್ತದೆ. ಆ ನೀರು ಎಂಜಲಿನ ಜೊತೆ ಸೇರಿ ಸಣ್ಣ ಮಂಜಿನ ಹಾಗೆ ಕೋಣೆಯ ಗಾಳಿಯಲ್ಲಿ ತೇಲುತ್ತದೆ. ಕೊರೊನಾ ವೈರಸ್ ಎಂಜಲಿನಲ್ಲೂ ಇರುತ್ತದೆ. ಡಾಕ್ಟರ ಮುಖ ನಮ್ಮ ಬಾಯಿಯಿಂದ ಒಂದು ಗೇಣು ದೂರದಲ್ಲಿರುತ್ತದೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಗತ್ತಿಗೆಲ್ಲ ಹಬ್ಬಿದ ಮಹಾಮಾರಿ ಎಂದ ಮೇಲೆ ಹಲವು ದೇಶಗಳಲ್ಲಿ ಹಲ್ಲಿನ ಮಾಮೂಲಿ ಚಿಕಿತ್ಸೆ ನಿಂತು, ತುರ್ತು ಚಿಕಿತ್ಸೆ ಮಾತ್ರ ಉಳಿದದ್ದು ಇದಕ್ಕೇ.

ಮೊದಲು ಇದನ್ನು ನೋಡಿ: ಕಾಯಬಹುದಾ, ಕಾಯಬಾರದಾ?

ಕನ್ನಡಿ ಮುಂದೆ ನಿಲ್ಲಿ. ಕೆನ್ನೆ ಊದಿದೆಯಾ? ಊತ ಕಣ್ಣಿನ ಕಡೆಗೆ ಏರುತ್ತಿದೆಯಾ, ಅಥವಾ ದವಡೆ ಕೆಳಗೆ ಕುತ್ತಿಗೆಗೆ ಇಳಿಯುತ್ತಿದೆಯಾ? ತೋರುಬೆರಳು, ನಡುಬೆರಳು ಎರಡನ್ನೂ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಅಷ್ಟೂ ಬಾಯಿ ತೆರೆಯಲು ಆಗುತ್ತಿಲ್ಲ ಅಂದರೆ ಒಳ್ಳೆಯದಲ್ಲ. ಎಂಜಲು ನುಂಗಲು ಕಷ್ಟ, ನಾಲಿಗೆ ಕೆಳಗಿನ ಜಾಗ ಗಟ್ಟಿಯಾಗಿ ಮೇಲೆದ್ದಿದೆ, ಉಸಿರು ಕಟ್ಟಿದ ಹಾಗೆ, ಮೈ ಸುಡುವ ಜ್ವರ: ಇದರಲ್ಲಿ ಒಂದಿದ್ದರೂ ಹಲ್ಲಿನ ಕ್ಲಿನಿಕ್ ತೆರೆಯಲಿ ಎಂದು ಕಾಯಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನಡೆಯಿರಿ, ರಾತ್ರಿಯಾದರೂ ಸರಿ. ಹಲ್ಲು ಕಿತ್ತ ಜಾಗದಿಂದ ರಕ್ತ ಬರುತ್ತಿದ್ದರೆ ಒದ್ದೆ ಮಾಡಿದ ಶುದ್ಧ ಬಟ್ಟೆ ಮಡಚಿಟ್ಟು ಅರ್ಧ ಗಂಟೆ ಬಿಡದೆ ಕಚ್ಚಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಯೇ. ಬಿದ್ದು ಪೆಟ್ಟಾಗಿ ಮೇಲಿನ ಕೆಳಗಿನ ಹಲ್ಲು ಮೊದಲಿನ ಹಾಗೆ ಕೂಡುತ್ತಿಲ್ಲ ಅಂದರೂ ಅಷ್ಟೇ, ದವಡೆ ಮುರಿದಿರಬಹುದು.

ನಮ್ಮ ಚಿಕ್ಕಪ್ಪನ ವಿಷಯ ಹೇಳಲೇಬೇಕು. ಅವರಿಗೆ ಮೂರು ದಿನ ಕೆಳದವಡೆಯಲ್ಲಿ ಸಿಡಿತ. ನಾಲ್ಕನೇ ದಿನ ನೋವು ತಾನಾಗಿಯೇ ನಿಂತಿತು. "ನೋಡಿ, ವಾಸಿಯಾಯ್ತು" ಎಂದು ಎಲ್ಲರಿಗೂ ಫೋನ್ ಮಾಡಿ ಹೇಳಿದರು. ವಾಸಿಯಾಗಿರಲಿಲ್ಲ, ಹಲ್ಲಿನೊಳಗಿನ ನರ ಸತ್ತಿತ್ತು. ಸತ್ತ ನರ ನೋಯುವುದಿಲ್ಲ, ಆದರೆ ಸೋಂಕು ಬೇರಿನ ತುದಿಯಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ. ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಅವರ ದನಿ ಬೇರೆಯಾಗಿತ್ತು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡುವವರ ಹಾಗೆ. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಎಂಬ ಭಯಕ್ಕೆ ಇಡೀ ದಿನ ಸುಮ್ಮನಿದ್ದರು. ಕೊನೆಗೆ ಚಿಕ್ಕಮ್ಮ ಹಟ ಹಿಡಿದು ಕರೆದುಕೊಂಡು ಹೋದರು. ಕೀವು ತೆಗೆದು, ರಕ್ತನಾಳಕ್ಕೇ ಔಷಧಿ ಕೊಟ್ಟು, ನಾಲ್ಕು ದಿನ ಇರಿಸಿಕೊಂಡರು. ಇನ್ನೊಂದು ದಿನ ತಡವಾಗಿದ್ದರೆ ಉಸಿರಿಗೇ ಕಷ್ಟವಾಗುತ್ತಿತ್ತು ಅಂದರಂತೆ ಡಾಕ್ಟರು. ಹಾಗಾಗಿ ನೋವು ದಿಢೀರನೆ ನಿಂತಿತು ಅಂದರೆ ಖುಷಿಪಟ್ಟು ಮರೆಯಬೇಡಿ. ಊತ ಬರುತ್ತದಾ ಎಂದು ದಿನಕ್ಕೆರಡು ಸಲ ಕೆನ್ನೆ, ದವಡೆ ಕೆಳಗೆ ಮುಟ್ಟಿ ನೋಡಿ.

ನೋವು ತಡೆಯುವುದು

ಮೇಲಿನ ಯಾವ ಲಕ್ಷಣವೂ ಇಲ್ಲ, ಬರೀ ನೋವು ಅಂದರೆ ಮನೆಯಲ್ಲೇ ಸಂಭಾಳಿಸಬಹುದು. ಹಲ್ಲುನೋವಿಗೆ ಐಬುಪ್ರೊಫೇನ್ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅದು ನೋವಿನ ಜೊತೆಗೆ ಒಳಗಿನ ಉರಿಯೂತವನ್ನೂ ಇಳಿಸುತ್ತದೆ. ಆರೋಗ್ಯವಂತ ದೊಡ್ಡವರಿಗೆ 400 ಮಿಲಿಗ್ರಾಂ, ಊಟ ಅಥವಾ ತಿಂಡಿಯ ಜೊತೆಗೆ. ಡಾಕ್ಟರನ್ನು ಕೇಳದೆ ದಿನಕ್ಕೆ 1,200 ಮಿಲಿಗ್ರಾಂ ದಾಟಬಾರದು. ಪ್ಯಾರಾಸಿಟಮಾಲ್ ಆದರೆ ಒಂದು ಸಲಕ್ಕೆ 500ರಿಂದ 1,000 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, 24 ಗಂಟೆಯಲ್ಲಿ 4,000 ಮಿಲಿಗ್ರಾಂ ಮೀರಬಾರದು. ಎರಡೂ ಬೇರೆ ಬೇರೆ ರೀತಿ ಕೆಲಸ ಮಾಡುವುದರಿಂದ ಒಟ್ಟಿಗೆ ತೆಗೆದುಕೊಳ್ಳಬಹುದು, ಒಂದೊಂದಕ್ಕಿಂತ ಜಾಸ್ತಿ ಆರಾಮ ಸಿಗುತ್ತದೆ. ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ ಗಡಿಯಾರ ನೋಡಿಕೊಂಡು ತೆಗೆದುಕೊಳ್ಳಿ. ಒಂದು ಚೀಟಿಯಲ್ಲಿ ಹೊತ್ತು ಬರೆದಿಡಿ. ನಿದ್ದೆಗೆಟ್ಟ ತಲೆಗೆ ಲೆಕ್ಕ ನೆನಪಿರುವುದಿಲ್ಲ.

ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ, ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ ಇರುವವರು, ಗರ್ಭಿಣಿಯರು ಐಬುಪ್ರೊಫೇನ್ ಮುಟ್ಟುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಲಿವರ್ ತೊಂದರೆ ಇರುವವರು ಪ್ಯಾರಾಸಿಟಮಾಲ್ ಬಗ್ಗೆಯೂ ಕೇಳಬೇಕು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಮಕ್ಕಳಿಗೆ ತೂಕ ನೋಡಿ ಕೊಡುವ ಔಷಧಿ ಬೇರೆ, ಆಸ್ಪಿರಿನ್ ಅಂತೂ ಬೇಡವೇ ಬೇಡ. ಕೊರೊನಾ ಇದ್ದರೆ ಐಬುಪ್ರೊಫೇನ್ ಅಪಾಯ ಅಂತ 2020ರ ಮಾರ್ಚ್‌ನಲ್ಲಿ ಸುದ್ದಿ ಹಬ್ಬಿತ್ತಲ್ಲ, ಆ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ, ಅದನ್ನು ಬಳಸಬೇಡಿ ಅಂತ ನಾವು ಹೇಳುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಮಲಗಿದ ಕೂಡಲೇ ನೋವು ಏರುತ್ತದೆ, ಅಲ್ವಾ? ತಲೆ ತಗ್ಗಿದರೆ ಆ ಕಡೆ ರಕ್ತದ ಒತ್ತಡ ಜಾಸ್ತಿಯಾಗುತ್ತದೆ. ಎರಡು ಮೂರು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಹೊರಗಿನಿಂದ ಕೆನ್ನೆಗೆ ಬಟ್ಟೆ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ. ಊತ ಇದ್ದರೆ ಬಿಸಿ ಶಾಖ ಕೊಡಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಎಷ್ಟೋ ಸಲ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಊಟದ ಚೂರೇ ನೋವಿಗೆ ಕಾರಣವಾಗಿರುತ್ತದೆ. ಹಲ್ಲಿನ ದಾರ ಹಾಕಿ ತೆಗೆದರೆ ಅಲ್ಲಿಗೆ ಮುಗಿಯಿತು.

ಲವಂಗದ ಎಣ್ಣೆ ಸುಮ್ನೆ ಹೇಳುವ ಮಾತಲ್ಲ. ಹಲ್ಲಿನ ಕ್ಲಿನಿಕ್‌ಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಯೂಜಿನಾಲ್, ಲವಂಗದ ಎಣ್ಣೆಯಲ್ಲಿರುವುದೂ ಅದೇ. ಹತ್ತಿಯ ಸಣ್ಣ ಉಂಡೆಗೆ ಒಂದೇ ಹನಿ ಹಾಕಿ ಹುಳುಕಿನ ಗುಂಡಿಗೆ ಮಾತ್ರ ಒತ್ತಿ. ವಸಡಿಗೆ ಸುರಿದುಕೊಂಡರೆ ಚರ್ಮ ಸುಡುತ್ತದೆ. ಮಕ್ಕಳಿಗೆ ಹಾಕಬೇಡಿ, ಹೊಟ್ಟೆಗೆ ಹೋದರೆ ಅಪಾಯ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಆ ಜಾಗ ಬೆಳ್ಳಗೆ ಸುಟ್ಟು ಹುಣ್ಣಾಗುತ್ತದೆ, ಹಲ್ಲುನೋವು ಇದ್ದಲ್ಲೇ ಇರುತ್ತದೆ.

ಇನ್ನು ಆಂಟಿಬಯಾಟಿಕ್. ಮನೆಯಲ್ಲಿ ಹಳೇ ಸ್ಟ್ರಿಪ್‌ನಲ್ಲಿ ನಾಲ್ಕು ಉಳಿದಿದ್ದರೆ ನುಂಗೋಣ ಅನಿಸುತ್ತದೆ. ಹಲ್ಲಿನ ನರ ಗಟ್ಟಿ ಗೋಡೆಯ ಪೆಟ್ಟಿಗೆಯೊಳಗೆ ಇರುವ ಹಾಗೆ. ಅದು ಉರಿದು ಊದಿದಾಗ ಜಾಗ ಸಾಲದೆ ಅಲ್ಲಿಗೆ ರಕ್ತವೇ ಸರಿಯಾಗಿ ಹೋಗುವುದಿಲ್ಲ, ಇನ್ನು ಔಷಧಿ ಹೇಗೆ ಹೋದೀತು? ಹುಳುಕಿನ ನೋವಿಗೆ ಆಂಟಿಬಯಾಟಿಕ್ ಪ್ರಯೋಜನವಿಲ್ಲ. ಸೋಂಕು ಹಲ್ಲು ದಾಟಿ ಊತ, ಜ್ವರ ಬಂದಾಗ ಡಾಕ್ಟರೇ ಬರೆದುಕೊಡುತ್ತಾರೆ, ಆಗಲೂ ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ.

ಸಿಮೆಂಟ್ ಬಿದ್ದರೆ, ಕ್ಯಾಪ್ ಕಳಚಿದರೆ

ಮೆಡಿಕಲ್ ಶಾಪ್‌ನಲ್ಲೋ ಆನ್‌ಲೈನ್‌ನಲ್ಲೋ ತಾತ್ಕಾಲಿಕ ಫಿಲ್ಲಿಂಗ್ ಸಿಗುತ್ತದೆ. ನೋವು, ಊತ ಇಲ್ಲದ ಹಲ್ಲಿಗೆ ಮಾತ್ರ ಹಾಕಿ. ನಾನು ಹಾಕಿಕೊಂಡದ್ದು ಹೀಗೆ: ಮೊದಲು ಹಲ್ಲುಜ್ಜಿ, ಮುಕ್ಕಳಿಸಿ, ಗುಂಡಿಯಲ್ಲಿ ಏನೂ ಉಳಿದಿಲ್ಲ ಎಂದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಆ ಕೆನ್ನೆಯೊಳಗೆ ಹತ್ತಿ ಇಟ್ಟು ಎಂಜಲು ಬರದ ಹಾಗೆ ಮಾಡಿ, ಇನ್ನೊಂದು ಹತ್ತಿಯಿಂದ ಗುಂಡಿ ಒರೆಸಿದೆ. ಬಟಾಣಿಗಿಂತ ಚಿಕ್ಕ ಉಂಡೆ ಮಾಡಿ ಒಳಗೆ ಒತ್ತಿ, ಮೆಲ್ಲಗೆ ಹಲ್ಲು ಕಚ್ಚಿ ಮೇಲಿನ ಹಲ್ಲಿನ ಗುರುತು ಮೂಡಿಸಿಕೊಂಡೆ. ಪಕ್ಕಕ್ಕೆ ಬಂದದ್ದನ್ನು ಒದ್ದೆ ಹತ್ತಿಯಿಂದ ತೆಗೆದೆ. ಮೊದಲ ಸಲ ಜಾಸ್ತಿ ತುಂಬಿಬಿಟ್ಟಿದ್ದೆ, ಬಾಯಿ ಮುಚ್ಚಿದರೆ ಆ ಹಲ್ಲು ಮೊದಲು ತಾಗುತ್ತಿತ್ತು. ಹಾಗೆ ಬಿಟ್ಟರೆ ಹಲ್ಲಿಗೆ ನೋವು ಶುರುವಾಗುತ್ತದೆ, ತೆಗೆದು ಮತ್ತೆ ಹಾಕಬೇಕಾಯ್ತು. ಆಮೇಲೆ ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಏನೂ ತಿನ್ನದೆ, ಆವತ್ತಿನಿಂದ ಇನ್ನೊಂದು ಕಡೆಯೇ ಅಗಿಯುತ್ತಿದ್ದೇನೆ.

ಕ್ಯಾಪ್ ಬಿದ್ದರೆ ಎತ್ತಿಡಿ. ತೊಳೆದು, ಸಿಮೆಂಟ್ ಇಲ್ಲದೆ ಒಮ್ಮೆ ಕೂರಿಸಿ ನೋಡಿ. ಸರಿಯಾಗಿ ಕೂತು ಕಚ್ಚಲು ಬಂದರೆ ತಾತ್ಕಾಲಿಕ ಸಿಮೆಂಟ್ ಹಾಕಿ ಕೂರಿಸಬಹುದು. ಅಲುಗಾಡಿದರೆ ಡಬ್ಬಿಯಲ್ಲಿಡಿ, ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಹೋದರೆ ದೊಡ್ಡ ತೊಂದರೆ. ಮನೆಯ ಸೂಪರ್ ಗ್ಲೂ ಮಾತ್ರ ಬಾಯಿಗೆ ಬೇಡ. ಅದರಿಂದ ವಸಡು, ಹಲ್ಲಿನ ನರ ಹಾಳಾಗುವುದು ಒಂದು, ಡಾಕ್ಟರಿಗೂ ಮುಂದೆ ಸರಿಪಡಿಸಲು ಆಗದ ಹಾಗಾಗುವುದು ಇನ್ನೊಂದು.

ಮುರಿದ ಹಲ್ಲಿನ ಚೂಪು ಅಂಚಿಗೆ, ಹಲ್ಲಿನ ಕ್ಲಿಪ್‌ನ ತಂತಿ ಚುಚ್ಚುತ್ತಿದ್ದರೆ ಅದಕ್ಕೂ, ಹಲ್ಲಿನ ಮೇಣ ಮೆತ್ತಿ. ಅದಿಲ್ಲದಿದ್ದರೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದು ಮೆತ್ತಬಹುದು.

ಹಲ್ಲು ಪೂರ್ತಿ ಕಿತ್ತು ಬಂದರೆ

ಮಕ್ಕಳು ಮನೆಯಲ್ಲೇ ಓಡಾಡಿ ಬೀಳುವ ಕಾಲ ಇದು, ಆದ್ದರಿಂದ ಈ ಒಂದು ಭಾಗ ಮನೆಯವರೆಲ್ಲ ಓದಿ. ಹಾಲುಹಲ್ಲಾದರೆ ವಾಪಸ್ ಇಡಬೇಡಿ, ಕೆಳಗೆ ಬರುವ ಹಲ್ಲಿಗೆ ಪೆಟ್ಟಾಗುತ್ತದೆ. ಶಾಶ್ವತ ಹಲ್ಲಾದರೆ ಒಂದೊಂದು ನಿಮಿಷವೂ ಲೆಕ್ಕ. ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ತಣ್ಣೀರಿನಲ್ಲಿ ಹತ್ತು ಸೆಕೆಂಡ್ ತೊಳೆದು, ಇದ್ದ ಜಾಗಕ್ಕೇ ಒತ್ತಿ ಕೂರಿಸಿ, ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ, ನೀರಿನಲ್ಲಿ ಇಡಬೇಡಿ. ಒಂದು ಗಂಟೆಯೊಳಗೆ ಡಾಕ್ಟರ ಕೈಗೆ ಸಿಗಬೇಕು. ಇದು ತುರ್ತು ಚಿಕಿತ್ಸೆ, ದಾರಿಯಲ್ಲೇ ಫೋನ್ ಮಾಡಿ.

ಬುದ್ಧಿಹಲ್ಲು, ವಸಡು, ಜುಮ್ಮೆನ್ನುವ ಹಲ್ಲು

ಕೊನೆಯ ಹಲ್ಲಿನ ಮೇಲೆ ವಸಡು ಮುಚ್ಚಿ ಊದುವುದು ಬಹಳ ಜನರಿಗೆ. ನೋಯುತ್ತದೆ ಅಂತ ಉಜ್ಜದೆ ಬಿಟ್ಟರೆ ಜಾಸ್ತಿಯಾಗುತ್ತದೆ. ಮಕ್ಕಳ ಚಿಕ್ಕ ಬ್ರಷ್ ತೆಗೆದುಕೊಂಡು ಅಲ್ಲಿಯವರೆಗೂ ತಲುಪಿ, ಉಪ್ಪುನೀರು ಮುಕ್ಕಳಿಸಿ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಬಳಸುವುದಾದರೆ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಎರಡು ವಾರ ದಾಟಿಸಬೇಡಿ, ಹಲ್ಲಿಗೆ ಕಂದು ಕಲೆ ಹತ್ತುತ್ತದೆ. ವಸಡಿನಲ್ಲಿ ರಕ್ತ ಬಂದರೂ ಅಷ್ಟೇ, ಮೃದು ಬ್ರಷ್‌ನಿಂದ ಅಲ್ಲೇ ನಿಧಾನವಾಗಿ ಉಜ್ಜಬೇಕು. ತಣ್ಣಗಿನದಕ್ಕೆ ಜುಮ್ಮೆಂದು ಕೆಲವೇ ಸೆಕೆಂಡಿನಲ್ಲಿ ಹೋದರೆ ಅದಕ್ಕಿರುವ ಪೇಸ್ಟ್ ಬೆರಳಿನಿಂದ ಹಚ್ಚಿ ಬಿಡಿ, ಪರಿಣಾಮಕ್ಕೆ ಕೆಲವು ವಾರ ಬೇಕು. ಜುಮ್ಮೆಂದದ್ದು ನಿಮಿಷಗಟ್ಟಲೆ ಉಳಿದರೆ ನರಕ್ಕೆ ತಾಗಿದೆ ಅಂತ ಲೆಕ್ಕ, ಡಾಕ್ಟರಿಗೆ ಹೇಳಿ. ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಮುಂದೂಡಬೇಡಿ.

ಫೋನ್‌ನಲ್ಲಿ ಡಾಕ್ಟರಿಗೆ ತೋರಿಸುವುದು

ಬಾಗಿಲು ಹಾಕಿದ್ದರೂ ಅನೇಕರು ಫೋನ್‌ನಲ್ಲಿ ಸಿಗುತ್ತಾರೆ. ಮಾಡುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಯಾವಾಗಿನಿಂದ, ಬಿಸಿಗೋ ತಣ್ಣಗಿನದಕ್ಕೋ ಕಚ್ಚಿದಾಗಲೋ, ರಾತ್ರಿ ಎಬ್ಬಿಸುತ್ತದಾ, ಏನೇನು ಮಾತ್ರೆ ನುಂಗಿದ್ದೀರಿ. ಫೋಟೊಗೆ ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ಇನ್ನೊಬ್ಬರ ಕೈಯಲ್ಲಿ ಫ್ಲಾಶ್ ಹಾಕಿ ತೆಗೆಸಿ. ಮುಖದ ಎರಡೂ ಕಡೆ ಕಾಣುವ ಹಾಗೆ ಎದುರಿನಿಂದ ಒಂದು ಫೋಟೊ ಇರಲಿ, ಊತ ಅದರಲ್ಲೇ ಚೆನ್ನಾಗಿ ಗೊತ್ತಾಗುವುದು.

ಮನೆಯಲ್ಲೇ ಕೂತು ಆಗಾಗ ಏನಾದರೂ ಬಾಯಿಗೆ ಹಾಕುವ ಅಭ್ಯಾಸ ಈಗ ಎಲ್ಲರಿಗೂ. ಪ್ರತಿ ಸಲ ಸಿಹಿ ತಿಂದಾಗ ಅರ್ಧ ಗಂಟೆಯಾದರೂ ಹಲ್ಲು ಆಮ್ಲದಲ್ಲಿ ನೆನೆಯುತ್ತದೆ. ತಿನ್ನುವುದಾದರೆ ಊಟದ ಜೊತೆಗೇ ತಿಂದು ಮುಗಿಸಿ. ರಾತ್ರಿ ಫ್ಲೋರೈಡ್ ಪೇಸ್ಟ್‌ನಲ್ಲಿ ಎರಡು ನಿಮಿಷ ಉಜ್ಜಿ, ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಪೇಸ್ಟಿನ ತೆಳು ಪದರ ಹಲ್ಲಿನ ಮೇಲೆ ಉಳಿದರೆ ಫ್ಲೋರೈಡ್ ರಾತ್ರಿಯೆಲ್ಲ ಕೆಲಸ ಮಾಡುತ್ತದೆ.

ನನ್ನ ಗುಂಡಿಗೆ ತಾತ್ಕಾಲಿಕ ಸಿಮೆಂಟ್ ಹಾಕಿ ಇವತ್ತಿಗೆ ಇಪ್ಪತ್ತಮೂರು ದಿನ. ಎರಡು ಸಲ ಉದುರಿತು, ಎರಡು ಸಲ ಮತ್ತೆ ತುಂಬಿದೆ. ಕ್ಲಿನಿಕ್ ತೆರೆದಾಗ ಕರೆಯುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡಿದ್ದಾರೆ. ಬಾವು ಇದ್ದವರು, ರಾತ್ರಿ ನಿದ್ದೆ ಇಲ್ಲದವರು ನನಗಿಂತ ಮುಂದಿದ್ದಾರೆ.